ಟೋರಿಕ್ ಲೆನ್ಸಿಗೆ ಕಾಲು ಗಂಟೆ ಕೊಡಿ: ವಿರಾಜಪೇಟೆಯಲ್ಲಿ ನನ್ನ ಅನುಭವ

ವಿರಾಜಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟು ಹನ್ನೊಂದು ವರ್ಷವಾಯಿತು. ಮೊದಲ ಏಳೆಂಟು ವರ್ಷ ನಾನೂ ಎಲ್ಲರ ಹಾಗೇ ಮಾಡುತ್ತಿದ್ದೆ. ಸಿಲಿಂಡರ್ (ಕಣ್ಣಿನ ಒಂದು ದಿಕ್ಕಿಗೆ ಮಾತ್ರ ಬೇಕಾಗುವ ಹೆಚ್ಚುವರಿ ಪವರ್) ಇದ್ದರೆ ಅದರ ಅರ್ಧವನ್ನು ಸ್ಫಿಯರ್‌ಗೆ (ಎಲ್ಲ ದಿಕ್ಕಿಗೂ ಒಂದೇ ಇರುವ ಪವರ್) ಸೇರಿಸಿ, ತಿಂಗಳಿಗೊಮ್ಮೆ ಬದಲಿಸುವ ಮಾಮೂಲಿ ಮಂತ್ಲಿ ಕಾಂಟ್ಯಾಕ್ಟ್ ಲೆನ್ಸ್ ಕೊಟ್ಟು ಕಳಿಸುವುದು. ಸಿಲಿಂಡರನ್ನೂ ಸರಿಪಡಿಸುವ ಟೋರಿಕ್ ಲೆನ್ಸಿಗೆ ಹೆಚ್ಚುಕಮ್ಮಿ ಎರಡರಷ್ಟು ಬೆಲೆ, ವಾರಗಟ್ಟಲೆ ಕಾಯಬೇಕು. "ಕೊಡಗಲ್ಲಿ ಟೋರಿಕ್ ಯಾರು ತಗೋತಾರೆ ಮಾರಾಯ, ಸುಮ್ನೆ ದುಡ್ಡು ಕಳ್ಕೋಬೇಡ" ಎಂದಿದ್ದರು ಮೈಸೂರಿನ ಸೀನಿಯರ್ ಒಬ್ಬರು.

ಕಳೆದುಕೊಂಡೆ ಕೂಡ. ಟೋರಿಕ್ ಶುರು ಮಾಡಿದ ಮೊದಲ ವರ್ಷ ಹತ್ತು ಹನ್ನೆರಡು ಬಾಕ್ಸ್ ವಾಪಸ್ ಬಂತು. ಸುಮಾರು ಹದಿನೈದು ಸಾವಿರ ಹೋಯಿತು. ಒಬ್ಬರದು ಮೈನಸ್ 5.00, ಸಿಲಿಂಡರ್ ಮೈನಸ್ 2.00. ಕನ್ನಡಕ ಕಣ್ಣಿನಿಂದ ದೂರ, ಲೆನ್ಸ್ ಕಣ್ಣಿನ ಮೇಲೇ ಕೂರುವುದರಿಂದ ಪವರ್ ಬದಲಿಸುವ ವರ್ಟೆಕ್ಸ್ ಲೆಕ್ಕವನ್ನು ಸ್ಫಿಯರ್‌ಗೆ ಮಾತ್ರ ಹಾಕಿದೆ, ಸಿಲಿಂಡರನ್ನು ಹಾಗೇ ಬಿಟ್ಟು ಹತ್ತಿರದ 2.25 ತರಿಸಿದೆ. ಎರಡೂ ಮೆರಿಡಿಯನ್‌ಗೆ, ಅಂದರೆ ಪವರಿನ ಎರಡು ದಿಕ್ಕಿಗೆ (5.00, 7.00), ಬೇರೆ ಬೇರೆ ಹಾಕಿದ್ದರೆ 4.75, 6.50 ಬರುತ್ತಿತ್ತು. ಅಂದರೆ 1.75 ಸಾಕಿತ್ತು. ಇನ್ನೊಂದು ತಪ್ಪು ಅವಸರ. ಲೆನ್ಸ್ ಹಾಕಿದ ಎರಡೇ ನಿಮಿಷಕ್ಕೆ ಆಕ್ಸಿಸ್ (ಸಿಲಿಂಡರ್ ಕೂರುವ ಕೋನ) ನೋಡಿ ಆರ್ಡರ್ ಬರೆಯುತ್ತಿದ್ದೆ.

ಕೈ ಹಿಡಿದದ್ದು ಪೊನ್ನಂಪೇಟೆ ಕಡೆಯ ಒಬ್ಬ ಹಾಕಿ ಹುಡುಗ. ಎರಡೂ ಕಣ್ಣು ಮೈನಸ್ 3.00, ಸಿಲಿಂಡರ್ ಮೈನಸ್ 1.25, ಆಕ್ಸಿಸ್ 180. ಮಾಮೂಲಿ 3.50 ಹಾಕಿದಾಗ 6/9 (ಪೂರ್ತಿ ದೃಷ್ಟಿಯಾದ 6/6ಕ್ಕಿಂತ ಸ್ವಲ್ಪ ಕಡಿಮೆ) ಓದಿ ಹೋದ. ಎರಡೇ ದಿನಕ್ಕೆ ಮತ್ತೆ ಬಂದ. "ಅಣ್ಣಾ, ಬಾಲ್ ಅಂಚೇ ಸಿಗಲ್ಲ. ರಾತ್ರಿ ಎದುರು ಗಾಡಿ ಲೈಟು ಮೇಲಕ್ಕೂ ಕೆಳಕ್ಕೂ ಎಳೆದ ಹಾಗೆ ಕಾಣುತ್ತೆ."

ಟ್ರಯಲ್ ಟೋರಿಕ್ ಹಾಕಿಸಿ ಕಾಲು ಗಂಟೆ ಹೊರಗೆ ಕೂರಿಸಿದೆ. ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್‌ನಲ್ಲಿ ನೋಡಿದರೆ ಎಡಗಣ್ಣಿನ ಲೆನ್ಸಿನ ಕೆಳಗಿನ ಗುರುತು ಗೆರೆ ನೆಟ್ಟಗಿತ್ತು. ಬಲಗಣ್ಣಿನದು ನನ್ನ ಎಡಕ್ಕೆ 10 ಡಿಗ್ರಿ ಸರಿದಿತ್ತು. ಬೆರಳಲ್ಲಿ ಸ್ವಲ್ಪ ತಳ್ಳಿದೆ, ನಾಲ್ಕು ಸಲ ರೆಪ್ಪೆ ಬಡಿದ, ಮತ್ತೆ ಅದೇ ಜಾಗಕ್ಕೆ ಬಂತು. ಹೀಗೆ ಒಂದೇ ಜಾಗಕ್ಕೆ ಬರುವ ಲೆನ್ಸ್ ಒಳ್ಳೆಯ ಲೆನ್ಸ್, ಎಷ್ಟು ಸರಿದರೂ ಲೆಕ್ಕಕ್ಕೆ ಸಿಗುತ್ತದೆ. ಎಡಕ್ಕೆ ಹೋದರೆ ಕೂಡಿಸು, ಬಲಕ್ಕೆ ಹೋದರೆ ಕಳೆ. 180ಕ್ಕೆ 10 ಕೂಡಿಸಿದರೆ 190, ಅದು 10 ಇದ್ದ ಹಾಗೇ; ಆಕ್ಸಿಸ್ 10 ಬರೆದೆ. ಹಾಗೇ ಬಿಟ್ಟಿದ್ದರೆ ಸಿಲಿಂಡರಿನ ಮೂರನೇ ಒಂದು ಭಾಗ ಉಳಿದುಬಿಡುತ್ತಿತ್ತು. ಹೊಸ ಲೆನ್ಸಲ್ಲಿ 6/6 ಸಾಲನ್ನು ತಡವರಿಸದೆ ಓದಿದ. ಆ ಸಲದ ಹಾಕಿ ನಮ್ಮೆ (ಕೊಡವ ಕುಟುಂಬಗಳ ಹಾಕಿ ಹಬ್ಬ) ಮುಗಿಯುವಷ್ಟರಲ್ಲಿ ಅವನ ಟೀಮಿನ ಮೂವರು ನನ್ನ ಅಂಗಡಿಗೆ ಬಂದಿದ್ದರು.

ಮಧ್ಯೆ ದುಡ್ಡು ಉಳಿಸಲು ಒಂದು ಕಣ್ಣಿಗೆ ಟೋರಿಕ್, ಇನ್ನೊಂದಕ್ಕೆ ಮಾಮೂಲಿ ಕೊಟ್ಟು ನೋಡಿದೆ. ಐದಾರು ಜನರಲ್ಲಿ ಒಗ್ಗಿದ್ದು ಇಬ್ಬರಿಗೆ. ನಾನೇ ಟೋರಿಕ್ ಹಾಕಿಕೊಂಡು ಮಗ್ಗುಲಾಗಿ ಮಲಗಿ ಟಿವಿ ನೋಡಿದೆ. ಅಕ್ಷರ ಮಸುಕಾಯಿತು, ಎದ್ದು ಕೂತ ಮೇಲೆ ಸರಿಹೋಯಿತು. ಈಗ ಇದನ್ನು ಎಲ್ಲರಿಗೂ ಮೊದಲೇ ಹೇಳಿಬಿಡುತ್ತೇನೆ.

ಸಿಲಿಂಡರ್ 0.75 ಇದ್ದವರಿಗೆ ಮಾತ್ರ ನಾನು ಚಾರ್ಟ್ ನಂಬುವುದಿಲ್ಲ. ಮಾಮೂಲಿ ಲೆನ್ಸ್ ಹಾಕಿಸಿ, ಟ್ರಯಲ್ ಫ್ರೇಮಲ್ಲಿ (ಪರೀಕ್ಷೆಯ ಕನ್ನಡಕ) ಆ ಸಿಲಿಂಡರ್ ಇಟ್ಟು ತೆಗೆದು, ರಸ್ತೆಯಾಚೆಯ ಬೋರ್ಡ್ ತೋರಿಸುತ್ತೇನೆ. ಸ್ಫಿಯರ್ 1.00 ಇದ್ದವರು ತಕ್ಷಣ ವ್ಯತ್ಯಾಸ ಹೇಳುತ್ತಾರೆ. 5.00 ಇದ್ದವರಲ್ಲಿ ಜಾಸ್ತಿ ಜನಕ್ಕೆ ಗೊತ್ತೇ ಆಗುವುದಿಲ್ಲ, ಅವರಿಗೆ ಮಾಮೂಲಿಯೇ ಸಾಕು. ಬಿಗಿ ರೆಪ್ಪೆಯವರಿಗೆ ಬೇರೊಂದು ಉಪಾಯ ಇದೆ. ಅದನ್ನು ಬರೆಯುವುದಿಲ್ಲ, ಅಂಗಡಿಗೆ ಬನ್ನಿ, ತೋರಿಸುತ್ತೇನೆ.

ಈಗ ತಿಂಗಳಿಗೆ ಇಪ್ಪತ್ತರಷ್ಟು ಟೋರಿಕ್ ಹೋಗುತ್ತದೆ. ಕನ್ನಡಕಕ್ಕೆ ಮಂಜು ಹಿಡಿಯುವ ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಆದರೆ ಲೆನ್ಸನ್ನು ನಲ್ಲಿ ನೀರಲ್ಲೋ ತೋಟದ ತೊರೆ ನೀರಲ್ಲೋ ತೊಳೆಯುತ್ತೇನೆ ಅನ್ನುವವರಿಗೆ ಟೋರಿಕ್ಕೂ ಕೊಡುವುದಿಲ್ಲ, ಮಾಮೂಲಿಯೂ ಕೊಡುವುದಿಲ್ಲ.