ದೊಡ್ಡ ಸ್ಟೋರ್‌ನಲ್ಲಿ ಕೆಲಸ ಮಾಡುವವರು ಸಂಘ ಕಟ್ಟುವುದು ಹೇಗೆ? ಪಕ್ಕದ ಕಿರಾಣಿ ಅಂಗಡಿಯವರೂ ಓದಿ

ಬಿಲ್ಲಿಂಗ್ ಕೌಂಟರ್‌ನಲ್ಲಿ ದಿನವಿಡೀ ನಿಂತಿರುವವರು, ರ‍್ಯಾಕ್‌ಗೆ ಮಾಲು ಜೋಡಿಸುವವರು, ಗೋಡೌನ್‌ನಲ್ಲಿ ಲಾರಿ ಖಾಲಿ ಮಾಡುವವರು, ಇದು ನಿಮಗಾಗಿ. ಬೆಂಗಳೂರಾಗಲಿ, ಹುಬ್ಬಳ್ಳಿಯಾಗಲಿ, ದಾವಣಗೆರೆಯಾಗಲಿ, ಕಾನೂನು ಒಂದೇ.

ದೊಡ್ಡ ಸ್ಟೋರ್ ಬಂದರೆ ಊರಿಗೆ ಒಳ್ಳೆಯದೋ ಕೆಟ್ಟದ್ದೋ ಅಂತ ಜನ ವಾದ ಮಾಡುತ್ತಾರೆ. ಅದರ ಉತ್ತರ ಬಹಳ ಮಟ್ಟಿಗೆ ನಿಮ್ಮ ಸಂಬಳದಲ್ಲಿದೆ ಅಂತ ನನಗೆ ಅನಿಸುತ್ತದೆ. ಸ್ಟೋರ್‌ನ ಲಾಭ ಊರಲ್ಲಿ ನಿಲ್ಲುವುದಿಲ್ಲ, ಹೆಡ್ ಆಫೀಸ್‌ಗೆ ಹೋಗುತ್ತದೆ. ಊರಲ್ಲಿ ಉಳಿಯುವುದು ಮುಖ್ಯವಾಗಿ ಕಟ್ಟಡದ ಬಾಡಿಗೆ ಮತ್ತು ನಿಮ್ಮ ಸಂಬಳ. ಆ ಸಂಬಳ ಕಡಿಮೆಯಾದರೆ, ತಡವಾದರೆ, ಮೊದಲು ಪೆಟ್ಟು ಬೀಳುವುದು ನಿಮ್ಮ ಬೀದಿಯ ಕಿರಾಣಿ ಅಂಗಡಿಗೆ. ತಿಂಗಳ ಕೊನೆಗೆ ಅಕ್ಕಿ, ಎಣ್ಣೆ ಉದ್ದರಿ ತರುವುದು ಅಲ್ಲಿಂದಲೇ ಅಲ್ವಾ? ನೀವು ಬಿಲ್ ಹಾಕುವ ಸ್ಟೋರ್‌ನಲ್ಲಿ ಯಾರೂ ನಿಮ್ಮ ಹೆಸರಲ್ಲಿ ಬಾಕಿ ಬರೆದುಕೊಳ್ಳುವುದಿಲ್ಲ.

ಮೊದಲು ಸ್ಯಾಲರಿ ಸ್ಲಿಪ್ ತೆಗೆಯಿರಿ. ಮೇಲೆ ಯಾರ ಹೆಸರಿದೆ, ಸ್ಟೋರ್‌ನದ್ದೋ ಏಜೆನ್ಸಿಯದ್ದೋ ನೋಡಿ. ತುಂಬಾ ಜನರಿಗೆ ತಾವು ಏಜೆನ್ಸಿ ರೋಲ್‌ನಲ್ಲಿ ಇದ್ದೇವೆ ಅಂತಲೇ ಗೊತ್ತಿರುವುದಿಲ್ಲ. ಏಜೆನ್ಸಿಯವರು ಸಂಬಳ ಕೊಡದೆ ಕೈ ಎತ್ತಿದರೆ ಅದನ್ನು ಕೊಡುವ ಹೊಣೆ ಸ್ಟೋರ್‌ನದ್ದು, ಇದನ್ನು ನೆನಪಿಡಿ. ಆಮೇಲೆ ಪಿಎಫ್ ಸಾಲು. ಸ್ಲಿಪ್‌ನಲ್ಲಿ ಕಡಿತ ಆಗಿದೆ ಅಂದ ಮಾತ್ರಕ್ಕೆ ದುಡ್ಡು ಜಮಾ ಆಗಿದೆ ಅಂತಲ್ಲ, ಯುಎಎನ್ (ನಿಮ್ಮ ಪಿಎಫ್ ನಂಬರ್) ಹಾಕಿ ಪಾಸ್‌ಬುಕ್ ನೋಡಿ. ಸಂಬಳ 21,000 ರೂಪಾಯಿ ಒಳಗಿದ್ದರೆ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಇರಬೇಕು, ಅದರಲ್ಲಿ ನಿಮ್ಮ ಪಾಲು 0.75%, ಮಾಲೀಕರದ್ದು 3.25%. ಎರಡೂ ನಿಮ್ಮ ತಲೆಗೇ ಬಿದ್ದಿದೆಯಾ ಅಂತ ಲೆಕ್ಕ ಹಾಕಿ.

ಅಲ್ಲೇ ಇನ್ನೊಂದು ಸಾಲು ಹುಡುಕಿ. ಕ್ಯಾಶ್ ಶಾರ್ಟ್, ಸ್ಟಾಕ್ ಶಾರ್ಟೇಜ್, ಇಲ್ಲವೇ ಸುಮ್ನೆ 'ಇತರೆ'. ಯಾರೋ ಗಿರಾಕಿ ಶ್ಯಾಂಪೂ ಬಾಟಲಿ ಜೇಬಿಗೆ ಹಾಕಿಕೊಂಡು ಹೋದದ್ದಕ್ಕೆ ಆ ಫ್ಲೋರ್‌ನಲ್ಲಿದ್ದ ಎಲ್ಲರ ಸಂಬಳದಲ್ಲೂ ಹಂಚಿ ಕತ್ತರಿಸುವ ಚಾಳಿ ಇದೆ. ಇದು ತಪ್ಪು. ನಷ್ಟ ನಿಮ್ಮ ನಿರ್ಲಕ್ಷ್ಯದಿಂದಲೇ ಆಯಿತು ಅಂತ ತೋರಿಸಬೇಕು, ಕತ್ತರಿಸುವ ಮೊದಲು ನಿಮ್ಮ ಮಾತು ಕೇಳಬೇಕು. ದಂಡ ಅಂತ ಹಾಕಿದರೆ ಅದು ಆ ತಿಂಗಳ ಸಂಬಳದ 3% ದಾಟುವಂತಿಲ್ಲ. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಕೈಸೇರಬೇಕು.

ಇನ್ನು ಸಮಯ. ಕರ್ನಾಟಕದಲ್ಲಿ ಅಂಗಡಿ ಕೆಲಸಕ್ಕೆ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಮೇಲೆ ಮಾಡಿಸಿದರೆ ದುಪ್ಪಟ್ಟು ಕೂಲಿ. 5 ಗಂಟೆ ಕೆಲಸದೊಳಗೆ ಒಂದು ಗಂಟೆ ಬಿಡುವು. ವಾರಕ್ಕೊಂದು ರಜೆ. ನೇಮಕಾತಿ ಪತ್ರ ಕೊಡಲೇಬೇಕು. ಹಬ್ಬದ ಸೇಲ್ ಹೊತ್ತಲ್ಲಿ ವೀಕ್ ಆಫ್ ಕ್ಯಾನ್ಸಲ್ ಅಂತ ಬರುವ ಮೆಸೇಜ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ಇಡಿ. ಒಂದು ಸಣ್ಣ ನೋಟ್‌ಬುಕ್‌ನಲ್ಲಿ ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು ದಿನಾ ಬರೆಯಿರಿ. ಪಂಚಿಂಗ್ ಮೆಷಿನ್ ಲೆಕ್ಕ ಅವರ ಕೈಲಿ ಇರುತ್ತದೆ, ನಿಮ್ಮ ಲೆಕ್ಕ ನಿಮ್ಮ ಕೈಲಿರಲಿ.

ಕಾಗದ ಸೇರಿದ ಮೇಲೆ ಜನ. ಸ್ಟೋರ್ ಒಳಗೆ ಮಾತು ಬೇಡ. ಕ್ಯಾಮೆರಾ ಇದೆ, ಕಿವಿಗಳೂ ಇವೆ. ವಾಟ್ಸಾಪ್ ಗ್ರೂಪ್ ಮಾಡುವ ಆಸೆ ಎಲ್ಲರಿಗೂ ಆಗುತ್ತದೆ, ದಯವಿಟ್ಟು ಮೊದಲೇ ಮಾಡಬೇಡಿ. ಒಬ್ಬರು ಸ್ಕ್ರೀನ್‌ಶಾಟ್ ಕಳಿಸಿದರೂ ಕಥೆ ಮುಗಿಯಿತು. ಟೀ ಅಂಗಡಿಯಲ್ಲಿ, ಯಾರದಾದರೂ ಮನೆಯಲ್ಲಿ, ಇಬ್ಬಿಬ್ಬರಾಗಿ ಮಾತಾಡಿ. ಬಿಲ್ಲಿಂಗ್, ಫ್ಲೋರ್, ಗೋಡೌನ್, ಹೌಸ್‌ಕೀಪಿಂಗ್, ಎಲ್ಲ ಕಡೆಯಿಂದ ಒಬ್ಬೊಬ್ಬರಾದರೂ ಇರಲಿ. ಹೆಣ್ಣುಮಕ್ಕಳನ್ನು ಸಹಿ ಹಾಕಲಷ್ಟೇ ಕರೆಯಬೇಡಿ, ಮುಂದಾಳುಗಳಾಗಿ ಕರೆಯಿರಿ.

ಇದಕ್ಕೆ ಕಾರಣ ಇದೆ. ಕೇರಳದ ಕೋಳಿಕೋಡ್‌ನ ಮಿಠಾಯಿ ತೆರುವಿನಲ್ಲಿ ಸೀರೆ ಅಂಗಡಿಗಳ ಹೆಣ್ಣುಮಕ್ಕಳು ಅಲ್ಲೇ ಟೈಲರ್ ಆಗಿದ್ದ ಪಿ. ವಿಜಿ ಅವರ ಜೊತೆ 'ಪೆಣ್‌ಕೂಟ್ಟು' ಅಂತ ಗುಂಪು ಕಟ್ಟಿದರು. ಅವರ ಮೊದಲ ಬೇಡಿಕೆ ಸಂಬಳ ಅಲ್ಲ, ಶೌಚಾಲಯ. ಆಮೇಲೆ ಕೂರುವ ಹಕ್ಕು. ದೊಡ್ಡ ಕಾರ್ಮಿಕ ಸಂಘಗಳು ಅಂಗಡಿ ಹುಡುಗಿಯರ ಕಡೆ ತಿರುಗಿ ನೋಡದ ಕಾಲ ಅದು. ತ್ರಿಶೂರಿನ ಒಂದು ಸೀರೆ ಮಳಿಗೆ ಮುಂದೆ ಕೆಲವೇ ಹೆಣ್ಣುಮಕ್ಕಳು ನೂರು ದಿನಕ್ಕೂ ಜಾಸ್ತಿ ಧರಣಿ ಕೂತರು. ಕೊನೆಗೆ 2018ರಲ್ಲಿ ಕೇರಳ, 2021ರಲ್ಲಿ ತಮಿಳುನಾಡು, ಅಂಗಡಿ ಕೆಲಸಗಾರರಿಗೆ ಕುರ್ಚಿ ಕೊಡಬೇಕು ಅಂತ ಕಾನೂನಿಗೇ ತಿದ್ದುಪಡಿ ತಂದವು. ಒಂದು ಕುರ್ಚಿಗೆ ಇಷ್ಟೆಲ್ಲ ಹೋರಾಟ ಬೇಕಾಯಿತು ಅಂತ ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ನೋಂದಣಿಗೆ ಕನಿಷ್ಠ 7 ಜನ ಬೇಕು. 1926ರ ಕಾರ್ಮಿಕ ಸಂಘಗಳ ಕಾಯ್ದೆಯಲ್ಲೂ ಹಾಗೇ ಇತ್ತು, ಈಗಿನ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಹಾಗೇ ಇದೆ. ಜೊತೆಗೆ ಒಟ್ಟು ಕೆಲಸಗಾರರಲ್ಲಿ 10% ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಮಂದಿ ಸದಸ್ಯರಿರಬೇಕು. ಅಂದರೆ 60 ಜನರ ಸ್ಟೋರ್‌ಗೆ 7 ಜನ ಸಾಕು. ಊರಿನ ಎಲ್ಲ ಅಂಗಡಿಗಳಿಗೂ ಸೇರಿ ಒಂದೇ ಸಂಘ ಮಾಡುವುದಾದರೆ 100 ಜನ ಅಂತ ಇಟ್ಟುಕೊಳ್ಳಿ. ಅರ್ಜಿ, ಸಂಘದ ನಿಯಮಾವಳಿ, ಸದಸ್ಯರ ಹೆಸರು, ವಿಳಾಸ, ಕೆಲಸ ಬರೆದು ಕಾರ್ಮಿಕ ಇಲಾಖೆಯಲ್ಲಿರುವ ಕಾರ್ಮಿಕ ಸಂಘಗಳ ರಿಜಿಸ್ಟ್ರಾರ್‌ಗೆ ಕೊಡಬೇಕು. ನಿಯಮಾವಳಿ ಬರೆಯಲು ಎಐಟಿಯುಸಿ, ಸಿಐಟಿಯು ಥರದ ದೊಡ್ಡ ಕಾರ್ಮಿಕ ಸಂಘದ ಕಚೇರಿಗೆ ಹೋಗಿ ಕೇಳಿ. ಆದರೆ ಪದಾಧಿಕಾರಿಗಳಲ್ಲಿ ನಿಮ್ಮವರೇ ಜಾಸ್ತಿ ಇರಲಿ.

"ಸಂಘ ಮಾಡಿದರೆ ಸ್ಟೋರ್ ಮುಚ್ಚಿಬಿಟ್ಟರೆ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಆ ಭಯಕ್ಕೆ ಆಧಾರವಿದೆ, ನಕ್ಕು ತಳ್ಳಿಹಾಕಬೇಡಿ. ಕೆನಡಾದ ಕ್ವಿಬೆಕ್‌ನ ಜಾಂಕಿಯೆರ್ ಊರಲ್ಲಿ ವಾಲ್‌ಮಾರ್ಟ್ ಕೆಲಸಗಾರರು 2004ರಲ್ಲಿ ಸಂಘ ಕಟ್ಟಿದರು, 2005ರಲ್ಲಿ ಆ ಸ್ಟೋರ್ ಮುಚ್ಚಿತು. ಸುಮಾರು 190 ಜನರ ಕೆಲಸ ಹೋಯಿತು. ಮುಚ್ಚಿದ್ದು ಕಾನೂನಿಗೆ ವಿರುದ್ಧ ಅಂತ ಕೆನಡಾದ ಸುಪ್ರೀಂ ಕೋರ್ಟ್ ಹೇಳಿದ್ದು 2014ರಲ್ಲಿ. ಅಷ್ಟು ವರ್ಷ ಆ ಮನೆಗಳ ಒಲೆ ಹೇಗೆ ಉರಿದಿರಬೇಕು? ಇಲ್ಲೂ ಸಂಘ ಸೇರಿದ್ದಕ್ಕೆ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ, ಆದರೆ ಕೇಸು ಎಳೆಯುತ್ತದೆ. ಅದಕ್ಕೇ ಒಂಟಿಯಾಗಿ ನಿಲ್ಲಬೇಡಿ, ಬೀದಿಯವರನ್ನು ಮೊದಲೇ ಜೊತೆಗಿಟ್ಟುಕೊಳ್ಳಿ.

ಕಿರಾಣಿ ಅಣ್ಣನ ಹತ್ತಿರ ಹೋಗಿ ನೇರವಾಗಿ ಮಾತಾಡಿ. ಆತ ನಿಮ್ಮನ್ನು ಆ ಸ್ಟೋರ್‌ನ ಕಡೆಯವರು ಅಂತ ನೋಡುತ್ತಿರಬಹುದು. ಸಂಬಳ 7ಕ್ಕೆ ಬಂದರೆ 8ಕ್ಕೆ ಆತನ ಬಾಕಿ ತೀರುತ್ತದೆ ಅಂತ ಹೇಳಿ, ಈ ಲೆಕ್ಕ ಆತನಿಗೆ ಅರ್ಥವಾಗುತ್ತದೆ. ಹಾಗೇ ಆತನ ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಹುಡುಗನಿಗೂ 1961ರ ಕಾಯ್ದೆಯೇ ಅನ್ವಯ, ಅವನಿಗೂ ವಾರದ ರಜೆ ಇದೆ ಅಂತ ಹೇಳಲು ಹಿಂಜರಿಯಬೇಡಿ. ಅವನನ್ನು ಬಿಟ್ಟು ಕಟ್ಟುವ ಸಂಘಕ್ಕೆ ಬೀದಿಯಲ್ಲಿ ಬೆಲೆ ಬರುವುದಿಲ್ಲ.

ಒಂದು ಎಚ್ಚರಿಕೆ. ಸಿಟ್ಟಿನಲ್ಲಿ ಎಲ್ಲರೂ ಒಟ್ಟಿಗೆ ರಜೆ ಹಾಕಬೇಡಿ. ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಜನ ಒಂದೇ ದಿನ ಹಾಗೆ ರಜೆ ಹಾಕಿದರೆ ಅದನ್ನೂ ಮುಷ್ಕರ ಅಂತಲೇ ಲೆಕ್ಕ ಹಿಡಿಯುತ್ತಾರೆ. ಮುಷ್ಕರಕ್ಕೆ ನೋಟಿಸ್ ಕೊಟ್ಟು 14 ದಿನ ಕಾಯಬೇಕು. ಅಲ್ಲಿಯವರೆಗೂ ಹೋಗುವ ಅಗತ್ಯ ಎಷ್ಟೋ ಸಲ ಬರುವುದಿಲ್ಲ.

ಮೊದಲ ಬೇಡಿಕೆ ಪತ್ರದಲ್ಲಿ ಹತ್ತಿಪ್ಪತ್ತು ವಿಷಯ ತುಂಬಬೇಡಿ. ಎರಡು ಸಾಕು. ಕೌಂಟರ್ ಹಿಂದೆ ಕುರ್ಚಿ, ಶಾರ್ಟೇಜ್ ಕಡಿತ ನಿಲ್ಲಿಸುವುದು, ಹೀಗೆ ಎಲ್ಲರಿಗೂ ತಟ್ಟುವಂಥದ್ದು. ಪತ್ರ ಎರಡು ಪ್ರತಿ ಮಾಡಿಸಿ. ಒಂದನ್ನು ಸ್ಟೋರ್ ಮ್ಯಾನೇಜರ್‌ಗೆ ಕೊಟ್ಟು ಇನ್ನೊಂದರ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ಆಗಲ್ಲ ಅಂದರೆ ಜಗಳ ಬೇಡ. ಅದೇ ದಿನ ಸ್ಟೋರ್‌ಗೆ ಮತ್ತು ಹೆಡ್ ಆಫೀಸ್‌ಗೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಫೈಲಿಗೆ ಸೇರಿಸಿ, ಒಂದು ಪ್ರತಿಯನ್ನು ಲೇಬರ್ ಇನ್ಸ್‌ಪೆಕ್ಟರ್ ಕಚೇರಿಗೂ ಕೊಟ್ಟು ಬನ್ನಿ.