ಇಲಿಯ ನೋವನ್ನು ಅಳೆಯಲು ಒಂದೇ ಬಿಸಿ ಸಾಲದು

ನೋವು ನಿವಾರಕಗಳ ಕೆಲಸಕ್ಕೆ ನಾವು ಹೆಚ್ಚಾಗಿ ನೆಚ್ಚುವುದು ಅಂಗಾಲಿನ ಶಾಖ ಪರೀಕ್ಷೆಯನ್ನು. ಹಾರ್‌ಗ್ರೀವ್ಸ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ವಿಧಾನ ಇದು. ಇಲಿ ಗಾಜಿನ ಹಲಗೆಯ ಮೇಲೆ ಪಾರದರ್ಶಕ ಡಬ್ಬಿಯೊಳಗೆ ಬಿಡುಬೀಸಾಗಿ ಇರುತ್ತದೆ. ಕೆಳಗಿನಿಂದ ದೀಪದ ಕಿರಣವನ್ನು ಹಿಂಗಾಲಿನ ಅಂಗಾಲಿಗೆ ಬಿಡುತ್ತೇವೆ. ಕಾಲು ಎಳೆದುಕೊಳ್ಳುವವರೆಗೆ ಎಷ್ಟು ಸೆಕೆಂಡು ಹಿಡಿಯಿತು ಎಂಬುದೇ ಅಳತೆ.

ದೀಪವನ್ನು ಒಂದೇ ತೀವ್ರತೆಯಲ್ಲಿಟ್ಟು ಮುಗಿಸುವುದು ಸಾಮಾನ್ಯ. ನಾವು ಮೂರು ತೀವ್ರತೆ ಬಳಸುತ್ತೇವೆ. ಚರ್ಮ ನಿಧಾನವಾಗಿ ಬಿಸಿಯಾದರೆ ಮುಖ್ಯವಾಗಿ ನೋವಿನ ಸುದ್ದಿಯನ್ನು ನಿಧಾನವಾಗಿ ಒಯ್ಯುವ ಸಿ ನರತಂತುಗಳು ಪ್ರತಿಕ್ರಿಯೆ ಎಬ್ಬಿಸುತ್ತವೆ, ಥಟ್ಟನೆ ಬಿಸಿಯಾದರೆ ಬೇಗ ಒಯ್ಯುವ ಎ-ಡೆಲ್ಟಾ ತಂತುಗಳು. ಮಾರ್ಫಿನ್‌ನ ಸಣ್ಣ ಡೋಸ್ ನಿಧಾನ ಬಿಸಿಯ ಪ್ರತಿಕ್ರಿಯೆಯನ್ನು ಸುಲಭವಾಗಿ ತಡೆಯುತ್ತದೆ, ತೀವ್ರ ಬಿಸಿಯದಕ್ಕೆ ಹೆಚ್ಚು ಡೋಸ್ ಬೇಕು. ಹೀಗಾಗಿ ಜೋರು ದೀಪವೊಂದನ್ನೇ ನಂಬಿದವರು ಒಳ್ಳೆಯ ಔಷಧವನ್ನೂ ಕೆಲಸಕ್ಕೆ ಬಾರದ್ದೆಂದು ಬದಿಗಿಡುವ ಅಪಾಯವಿದೆ.

ಔಷಧ ಕೊಡದ ಇಲಿಗಳು ಕಾಲು ಎಳೆದುಕೊಳ್ಳುವ ಸಮಯ ನೋಡಿ ಮೊದಲು ದೀಪ ಹೊಂದಿಸಿಕೊಳ್ಳಬೇಕು: ಕಡಿಮೆ ತೀವ್ರತೆಗೆ ಸುಮಾರು 13 ಸೆಕೆಂಡು, ಮಧ್ಯಮಕ್ಕೆ 9, ಹೆಚ್ಚಿನದಕ್ಕೆ 5. ಯಂತ್ರದ ಗುಂಡಿಯ ಮೇಲಿನ ಅಂಕಿ ಬೇರೆ ಯಂತ್ರಕ್ಕೆ ಹೊಂದುವುದಿಲ್ಲ, ಬಲ್ಬ್ ಹಳೆಯದಾದಂತೆ ಅದೂ ಜಾರುತ್ತದೆ. ದೀಪದ ತೀವ್ರತೆಯನ್ನು ಕಿರಣದ ಶಕ್ತಿ ಅಳೆಯುವ ರೇಡಿಯೋಮೀಟರ್‌ನಲ್ಲಿ ಅಳೆದು ಬರೆದಿಡಿ. ಕಟ್-ಆಫ್ ಸಮಯ, ಅಂದರೆ ಇಲಿ ಕಾಲೆತ್ತದಿದ್ದರೂ ದೀಪ ಆರಿಸುವ ಹೊತ್ತು, ತೀವ್ರತೆಗೆ ತಕ್ಕಂತೆ ಬದಲಾಗಲೇಬೇಕು. ನಾವು ಕ್ರಮವಾಗಿ 20, 16, 10 ಸೆಕೆಂಡು ಇಡುತ್ತೇವೆ. ಎಲ್ಲಕ್ಕೂ 20 ಎಂದಿಟ್ಟರೆ ಮಾರ್ಫಿನ್ ಕೊಟ್ಟ ಇಲಿ ಜೋರು ದೀಪದ ಮೇಲೆ ಕಾಲೆತ್ತದೆ ಕೂತಿರುತ್ತದೆ, ಅಂಗಾಲು ಸುಡುತ್ತದೆ. ಇದು ಕ್ರೌರ್ಯ. ಸುಟ್ಟ ಪಾದದ ಮುಂದಿನ ಅಳತೆಗಳೂ ಕೆಟ್ಟಂತೆಯೇ.

ಗಾಜನ್ನು 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಿ. ತಣ್ಣನೆಯ ಗಾಜು ಪಾದದ ಶಾಖವನ್ನು ಹೀರಿಕೊಂಡು ಸಮಯ ಹಿಗ್ಗಿಸುತ್ತದೆ. ಒದ್ದೆ ಗಾಜೂ ಅಷ್ಟೇ, ಮೂತ್ರ ಬಿದ್ದ ಕೂಡಲೇ ಒರೆಸಿ ಒಣಗಿಸಿ. ಇಲಿ ಅರ್ಧ ಗಂಟೆ ಡಬ್ಬಿಗೆ ಒಗ್ಗಲಿ. ಅದು ಓಡಾಡುವಾಗ, ಮೈ ನೆಕ್ಕುವಾಗ, ಗಾಢವಾಗಿ ಮಲಗಿರುವಾಗ ದೀಪ ಹಾಕಬೇಡಿ. ಪಾದ ಗಾಜಿಗೆ ಚಪ್ಪಟೆಯಾಗಿ ಅಂಟಿರಬೇಕು.

ನಿಜವಾದ ಪ್ರತಿಕ್ರಿಯೆ ಕಣ್ಣಿಗೆ ಚೆನ್ನಾಗಿ ಗೊತ್ತಾಗುತ್ತದೆ: ಬೆರಳು ಅಗಲಿ ಪಾದ ಚಿಮ್ಮಿದಂತೆ ಮೇಲೇಳುತ್ತದೆ, ಬಹಳ ಸಲ ಇಲಿ ತಿರುಗಿ ಅದನ್ನು ನೆಕ್ಕುತ್ತದೆ. ಹೆಜ್ಜೆ ಹಾಕಲು ಎತ್ತಿದ ಕಾಲನ್ನೂ ಯಂತ್ರ ಪ್ರತಿಕ್ರಿಯೆಯೆಂದೇ ದಾಖಲಿಸುತ್ತದೆ. ಅದನ್ನು ಅಲ್ಲೇ ಹೊಡೆದುಹಾಕಿ, 5 ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಒಂದೇ ಪಾದದ ಎರಡು ಅಳತೆಗಳ ನಡುವೆಯೂ ಅಷ್ಟೇ ಅಂತರ.

ಮೂರು ತೀವ್ರತೆಗಳ ಸರದಿಯನ್ನು ಇಲಿಯಿಂದ ಇಲಿಗೆ ಕಲಸಿ. ಸದಾ ಏರುಕ್ರಮದಲ್ಲೇ ಹೋದರೆ ಕೊನೆಯ ಅಳತೆಯಲ್ಲಿ ಚರ್ಮ ಮೊದಲೇ ಕೆರಳಿರುತ್ತದೆ. ಅಳೆಯುವವರಿಗೆ ಯಾವ ಇಲಿಗೆ ಔಷಧ, ಯಾವುದಕ್ಕೆ ಬರೀ ಸಲೈನ್ ಎಂದು ತಿಳಿದಿರಬಾರದು.

ಕ್ಯಾರಜೀನನ್ ಎಂಬ ಕಡಲಪಾಚಿಯ ಪದಾರ್ಥ ಚುಚ್ಚಿ ಉರಿಯೂತ ಬರಿಸಿದ ಪಾದಕ್ಕೆ ಜೋರು ದೀಪ ಪ್ರಯೋಜನವಿಲ್ಲ. ಉರಿಯೂತವಿದ್ದರೆ ಇಲಿ ಕಾಲನ್ನು ಇನ್ನೂ ಬೇಗ ಎತ್ತುತ್ತದೆ, ಆದರೆ 5 ಸೆಕೆಂಡಿನಿಂದ ಇಳಿಯಲು ಜಾಗವೇ ಇರುವುದಿಲ್ಲ. ಅಲ್ಲಿ 13 ಸೆಕೆಂಡಿನ ದೀಪವೇ ಸರಿ.

ಔಷಧದಿಂದ ಇಲಿ ಮಂಕಾದರೂ ಕಾಲು ತಡವಾಗಿ ಎತ್ತುತ್ತದೆ. ಆದ್ದರಿಂದ ಅದೇ ಡೋಸ್‌ನಲ್ಲಿ ಬೇರೆ ಇಲಿಗಳನ್ನು ರೋಟರಾಡ್ ಎಂಬ ತಿರುಗುವ ಕೋಲಿನ ಮೇಲೆ ನಡೆಸಿ ನೋಡದೆ ನೋವು ತಗ್ಗಿತೆಂದು ನಾವು ಬರೆಯುವುದಿಲ್ಲ.