ಮೈಲುತುತ್ತ, ಸತುವಿನ ಪುಡಿ ಮತ್ತು ಕೈತಪ್ಪುವ ಒಂದು ಡಿಗ್ರಿ

ತರಗತಿಯಲ್ಲಿ ಬಹಿರುಷ್ಣಕ ಕ್ರಿಯೆ, ಅಂದರೆ ಶಾಖ ಹೊರಬಿಡುವ ಕ್ರಿಯೆ ತೋರಿಸಲು ಸುಟ್ಟ ಸುಣ್ಣಕ್ಕೆ ನೀರು ಹಾಕುವುದು ವಾಡಿಕೆ. ಬೀಕರ್ ಬಿಸಿಯಾಗುತ್ತದೆ, ಅಲ್ಲಿಗೆ ಪಾಠ ಮುಗಿಯುತ್ತದೆ. ಎಷ್ಟು ಬಿಸಿ ಎಂದು ಅಳೆಯಿಸಬೇಕೆಂದರೆ ನಾನು ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸತುವಿನ ಪುಡಿಯನ್ನೇ ನೆಚ್ಚುತ್ತೇನೆ. ಸತು ನೀಲಿ ದ್ರಾವಣದಿಂದ ತಾಮ್ರವನ್ನು ಹೊರದೂಡುವಾಗ ನೀಲಿ ಮಾಯವಾಗಿ ಶಾಖ ಹೊಮ್ಮುತ್ತದೆ.

12.5 ಗ್ರಾಂ ಮೈಲುತುತ್ತದ ಹರಳು ಕರಗಿಸಿ, ಒಟ್ಟು 250 ಮಿ.ಲೀ. ಆಗುವಷ್ಟು ನೀರು ಸೇರಿಸಿದರೆ 0.2 ಮೋಲಾರ್ (ಲೀಟರಿಗೆ 0.2 ಮೋಲ್) ದ್ರಾವಣ. ಹತ್ತು ಗುಂಪಿಗೆ ತಲಾ 25 ಮಿ.ಲೀ. ಬರುತ್ತದೆ. ಅಡಿಕೆಗೆ ಬೋರ್ಡೋ (ಮೈಲುತುತ್ತ-ಸುಣ್ಣದ ಔಷಧಿ) ಹೊಡೆಯಲು ತರುವ ಮೈಲುತುತ್ತದಲ್ಲೂ ಕ್ರಿಯೆ ಕಾಣಿಸುತ್ತದೆ; ಲೆಕ್ಕ ಹಾಕುವುದಿದ್ದರೆ ಮಾತ್ರ ಲ್ಯಾಬಿನ ಶುದ್ಧ ಹರಳೇ ಬೇಕು.

ಬರೀ ಬೀಕರಿನಲ್ಲಿ ಮಾಡಿದರೆ ಶಾಖದ ಒಂದು ಪಾಲನ್ನು ಗಾಜೇ ನುಂಗುತ್ತದೆ. ಚಹಾ ಕುಡಿಯುವ ಎರಡು ಕಾಗದದ ಲೋಟ ಒಂದರೊಳಗೊಂದು ಸೇರಿಸಿ, ಉರುಳದಂತೆ ಬೀಕರಿನೊಳಗೆ ಕೂರಿಸುತ್ತೇನೆ. ಲೋಟ ದೊಡ್ಡದಾದರೆ ದ್ರಾವಣ ತಳದಲ್ಲಿ ಹರಡಿಕೊಂಡು ಥರ್ಮಾಮೀಟರಿನ ಬುರುಡೆ ಮುಳುಗುವುದೇ ಇಲ್ಲ. ಮೇಲೊಂದು ರಟ್ಟಿನ ಮುಚ್ಚಳ. ಫ್ಯಾನ್ ಆರಿಸಿಬಿಡಬೇಕು, ಸೆಕೆಯಾದರೂ ಸರಿ.

ಮೊದಲ ಎರಡೂವರೆ ನಿಮಿಷ ಅರ್ಧರ್ಧ ನಿಮಿಷಕ್ಕೊಮ್ಮೆ ಉಷ್ಣತೆ ಬರೆದುಕೊಳ್ಳಬೇಕು. ಸರಿಯಾಗಿ ಮೂರನೇ ನಿಮಿಷಕ್ಕೆ ಓದುವುದು ಬೇಡ, 1 ಗ್ರಾಂ ಸತುವಿನ ಪುಡಿ ಸುರಿಯಬೇಕು. ಕ್ರಿಯೆಗೆ 0.33 ಗ್ರಾಂ ಸಾಕು. ಮಿಕ್ಕಿದ್ದು ಮೈಲುತುತ್ತ ಪೂರ್ತಿ ಮುಗಿಯಲೆಂದು. ಮೂರೂವರೆಯಿಂದ ಹತ್ತನೇ ನಿಮಿಷದವರೆಗೆ ಮತ್ತೆ ಓದು. ಕಲಕುವುದನ್ನು ನಿಲ್ಲಿಸಿದರೆ ಪುಡಿ ತಳ ಸೇರಿ ಕ್ರಿಯೆ ಕುಂಟುತ್ತದೆ. ಕಲಕಲು ಕಡ್ಡಿ ಕೊಡಿ, ಇಲ್ಲದಿದ್ದರೆ ಮಕ್ಕಳು ಥರ್ಮಾಮೀಟರನ್ನೇ ಚಮಚ ಮಾಡಿಕೊಳ್ಳುತ್ತಾರೆ.

ಕೊನೆಗೂ ನೀಲಿ ಉಳಿದಿದ್ದರೆ ಸತುವಿನ ಮೇಲೆ ಅನುಮಾನಪಡಿ. ಹಳೆಯ ಪುಡಿಯ ಮೇಲೆ ಆಕ್ಸೈಡ್ ಪದರ ಕಟ್ಟಿರುತ್ತದೆ. ಸತುವಿನ ಹರಳು ಈ ಕೆಲಸಕ್ಕೆ ಆಗದು. ಅದು ಕ್ರಿಯೆ ಮುಗಿಸುವಷ್ಟರಲ್ಲಿ ಶಾಖವೆಲ್ಲ ಹೊರಗೆ ಹೋಗಿರುತ್ತದೆ.

ಎಲ್ಲ ಸರಿಯಿದ್ದರೂ ಗರಿಷ್ಠ ಓದನ್ನೇ ನಂಬಬಾರದು. ಉಷ್ಣತೆ ಏರುವಾಗಲೇ ಶಾಖ ಸೋರುತ್ತಿರುತ್ತದೆ. ಗ್ರಾಫ್ ಎಳೆದು, ಇಳಿಯುವ ಭಾಗದ ಸರಳರೇಖೆಯನ್ನು ಮೂರನೇ ನಿಮಿಷದವರೆಗೆ ಹಿಂದಕ್ಕೆ ಚಾಚಿ. ಅಲ್ಲಿ ಸಿಗುವ ಅಂತರವೇ ನಿಜವಾದ ಏರಿಕೆಗೆ ಹತ್ತಿರ. ಗರಿಷ್ಠ ಓದಿನಲ್ಲಿ 8.5 ಡಿಗ್ರಿ ಏರಿಕೆ ಕಂಡಿದ್ದು ರೇಖೆ ಚಾಚಿದಾಗ 9.8 ಆಯಿತೆನ್ನಿ. ದ್ರಾವಣದ ಗ್ರಾಂ, ನೀರಿನ ವಿಶಿಷ್ಟೋಷ್ಣ, ಏರಿಕೆ ಮೂರನ್ನೂ ಗುಣಿಸಿದರೆ, 25 × 4.18 × 9.8 ಅಂದರೆ ಸುಮಾರು 1024 ಜೂಲ್, 25 ಮಿ.ಲೀ.ಯಲ್ಲಿರುವ ಮೈಲುತುತ್ತದ 0.005 ಮೋಲಿನಿಂದ ಭಾಗಿಸಿದರೆ ಮೋಲಿಗೆ 205 ಕಿಲೋಜೂಲ್. ಪುಸ್ತಕದಲ್ಲಿರುವ ಮೌಲ್ಯ ಸುಮಾರು 217. ಕೇವಲ ಗರಿಷ್ಠ ಓದು ಹಿಡಿದಿದ್ದರೆ 178ಕ್ಕೇ ನಿಲ್ಲುತ್ತಿತ್ತು.

ಒಂದು ಗುಂಪಿಗೆ 50 ಮಿ.ಲೀ. ದ್ರಾವಣ, 2 ಗ್ರಾಂ ಸತು ಕೊಟ್ಟು ನೋಡಿ. ಏರಿಕೆ ಇಮ್ಮಡಿಯಾಗುತ್ತದೆ ಎಂದು ಹೆಚ್ಚಿನವರು ಪಣ ಕಟ್ಟುತ್ತಾರೆ. ಶಾಖ ಇಮ್ಮಡಿ, ಬಿಸಿಯಾಗಬೇಕಾದ ನೀರೂ ಇಮ್ಮಡಿ. ಏರಿಕೆ ಹೆಚ್ಚುಕಡಿಮೆ ಅಷ್ಟೇ. ಶಾಖ ಬೇರೆ, ಉಷ್ಣತೆ ಬೇರೆ ಎನ್ನಲು ಇದಕ್ಕಿಂತ ಚೆನ್ನಾದ ದಾರಿ ನನಗೆ ಸಿಕ್ಕಿಲ್ಲ.

ಅಂತರುಷ್ಣಕಕ್ಕೆ, ಅಂದರೆ ಶಾಖ ಹೀರುವ ಕ್ರಿಯೆಗೆ, ಸಿಟ್ರಿಕ್ ಆಮ್ಲದ ದ್ರಾವಣಕ್ಕೆ ಅಡುಗೆ ಸೋಡಾ ಹಾಕಿದರಾಯಿತು. ಅಲ್ಲಿ ಮಾತ್ರ ದೊಡ್ಡ ಲೋಟ ಬಳಸಿ, ಮುಚ್ಚಳ ತೆಗೆದು, ಸೋಡಾವನ್ನು ಸ್ವಲ್ಪಸ್ವಲ್ಪವೇ ಹಾಕಿ. ಇಲ್ಲದಿದ್ದರೆ ನೊರೆ ಉಕ್ಕಿ ಮೇಜಿಗೆ ಬಂದೀತು.